ಮನೆಯಲ್ಲಿ ಓಡಿದ್ದು ಅಲ್ಲೇಕೆ ಓಡಲಿಲ್ಲ?

ತುರುವೇಕೆರೆಯಿಂದ ಆಚೆ ಐದಾರು ಮೈಲಿ ದೂರದ ಹಳ್ಳಿಯಲ್ಲಿ ನಮ್ಮ ಅಕ್ಕನ ಮನೆ. ಒಂದು ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆ. ಬಾಗಿಲು ದಾಟುತ್ತಲೇ ಮನೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಹಜಾರದಲ್ಲಿ ಭಾವ ಪೇಪರು ಹಿಡಿದು ಕೂತಿದ್ದರು, ಓದುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಅಕ್ಕನ ಮಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಗೋಡೆ ನೋಡುತ್ತಿದ್ದ. ಕಾಫಿ ತಂದುಕೊಟ್ಟ ಅಕ್ಕ ಮೆಲ್ಲಗೆ ಹೇಳಿದಳು: ‘ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಕಣೋ. ನಾಳೆ ಅದೇನೋ ಪ್ರಾಜೆಕ್ಟ್ ತೋರಿಸಬೇಕಂತೆ.’

ಹುಡುಗ ಬಿಸಿಎ ಕೊನೆಯ ವರ್ಷ. ಅವನು ಮಾಡಿದ್ದು ಒಳ್ಳೆಯ ಕೆಲಸವೇ. ಮನೆಯವರು ಯಾರಾದರೂ ಗುಪ್ತಪದ ಕೊಟ್ಟು ಒಳಗೆ ಹೋದರೆ, ಈ ಸಲ ಎಷ್ಟು ಕಾಯಿ ಅಟ್ಟಕ್ಕೆ ಹಾಕಿದೆವು, ಎಷ್ಟು ಕೊಬ್ಬರಿ ಬಂತು, ತಿಪಟೂರು ಮಾರುಕಟ್ಟೆಯಲ್ಲಿ ಯಾವ ದರಕ್ಕೆ ಕೊಟ್ಟೆವು, ಸರ್ಕಾರದ ಬೆಂಬಲ ಬೆಲೆಗೂ ಅದಕ್ಕೂ ಎಷ್ಟು ವ್ಯತ್ಯಾಸ ಎಂಬ ಲೆಕ್ಕವನ್ನೆಲ್ಲ ಕನ್ನಡದಲ್ಲಿ ತೋರಿಸುವ ಜಾಲತಾಣ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ನಿಗದಿ ಮಾಡಿತ್ತು. ಆ ಅಂಕಿಯನ್ನೂ ಅದರಲ್ಲಿ ಸೇರಿಸಿದ್ದ. ತೆಂಗಿನ ಸೀಮೆಯ ಮನೆಗೆ ಇದಕ್ಕಿಂತ ಹೊಂದುವ ಪ್ರಾಜೆಕ್ಟ್ ಇನ್ನೇನು ಬೇಕು?

ಅವನ ಲ್ಯಾಪ್‌ಟಾಪ್‌ನಲ್ಲಿ ಅದು ಸೊಗಸಾಗಿ ಓಡುತ್ತಿತ್ತು. ಜಾಲತಾಣಕ್ಕೆ ಜಾಗ ಕೊಡುವ ಕಂಪನಿಯೊಂದರ ಸರ್ವರ್‌ಗೆ ಏರಿಸಿದ ಕೂಡಲೇ ನಿಂತುಹೋಯಿತು. ಮೊದಲು ಬರೀ ಬಿಳಿ ಹಾಳೆ. ಎರಡು ದಿನ ತಿದ್ದಿದ ಮೇಲೆ ಅದೂ ಹೋಗಿ ‘500, ಸರ್ವರ್‌ನ ಒಳಗಿನ ದೋಷ’ ಎಂಬ ಒಂದೇ ಸಾಲು.

ಭಾವ ಪೇಪರು ಮಡಿಸಿದರು. ‘ಮೂರು ವರ್ಷ ಫೀಸು ಕಟ್ಟಿದ್ದೀನಿ. ಎರಡು ದಿನದಿಂದ ಒಂದೇ ಹಾಳೆ ಮುಂದೆ ಕೂತವ್ನೆ. ಬರಲ್ಲ ಅಂದ್ರೆ ಬರಲ್ಲ ಅನ್ನಲಿ, ತೋಟಕ್ಕಾದರೂ ಬರಲಿ.’

ಹುಡುಗ ತಲೆ ಎತ್ತಲಿಲ್ಲ. ‘ನನ್ನ ಕೈಲಿ ಆಗಲ್ಲ ಮಾವ. ಈ ಲೈನೇ ಬಿಟ್ಟುಬಿಡ್ತೀನಿ’ ಎಂದ.

ಈ ವಾರ ಬೇರೇನೋ ಬರೆಯಬೇಕೆಂದಿದ್ದೆ. ಆದರೆ ಈ ಮಾತು ಒಂದೇ ಮನೆಯದಲ್ಲ. ಪ್ರಾಜೆಕ್ಟ್ ಒಪ್ಪಿಸುವ ತಿಂಗಳು ಬಂತೆಂದರೆ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಆದ್ದರಿಂದ ಆ ದಿನ ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಓದುವ ಮಕ್ಕಳಿಗೆ ಅದರಲ್ಲಿ ವಿದ್ಯೆಯಿದೆ. ಹೆತ್ತವರಿಗೂ ಒಂದು ಮಾತಿದೆ.

ಸ್ವಂತ ಮನೆ, ವಠಾರದ ಮನೆ

ಮೊದಲು ಹೆತ್ತವರಿಗಾಗಿ ನಾಲ್ಕು ಸಾಲು. ಜಾಲತಾಣದ ಪುಟಗಳಲ್ಲಿ ಎರಡು ಬಗೆ. ಗೋಡೆಗೆ ಅಂಟಿಸಿದ ಭಿತ್ತಿಪತ್ರದಂತೆ ಸುಮ್ಮನೆ ಇರುವ ಪುಟ ಒಂದು ಬಗೆ. ನಾವು ಕೇಳಿದಾಗ ಲೆಕ್ಕ ಹಾಕಿ ಆಗಿಂದಾಗಲೇ ತಯಾರಾಗುವ ಪುಟ ಇನ್ನೊಂದು. ಹೀಗೆ ತಯಾರಿಸಿಕೊಡುವ ಆದೇಶಗಳ ಬರಹಕ್ಕೆ ಸ್ಕ್ರಿಪ್ಟ್ ಎಂದು ಹೆಸರು. 1993ರ ಸುಮಾರಿಗೆ ಇಂಥ ಸ್ಕ್ರಿಪ್ಟ್‌ಗಳನ್ನು ಸರ್ವರ್‌ನಲ್ಲಿ ಓಡಿಸುವ ಸಿಜಿಐ ಎಂಬ ಕ್ರಮ ಬಂತು. ಆಗ ಬಹಳ ಮಂದಿ ಅವನ್ನು ಪರ್ಲ್ ಭಾಷೆಯಲ್ಲಿ ಬರೆಯುತ್ತಿದ್ದರು. 1995ರಲ್ಲಿ ಪಿಎಚ್‌ಪಿ ಹೊರಬಂತು. ನಮ್ಮ ಹುಡುಗ ಬರೆದದ್ದೂ ಅದರಲ್ಲೇ.

ಲ್ಯಾಪ್‌ಟಾಪ್ ಎಂದರೆ ಸ್ವಂತ ಮನೆ. ಎಲ್ಲಿ ಬೇಕಾದರೂ ಚಪ್ಪಲಿ ಬಿಡಬಹುದು, ಕೇಳುವವರಿಲ್ಲ. ಬಾಡಿಗೆಗೆ ಸಿಗುವ ಅಗ್ಗದ ಸರ್ವರ್ ಎಂದರೆ ವಠಾರ. ಒಂದೇ ಯಂತ್ರದಲ್ಲಿ ನೂರಾರು ಬಿಡಾರ. ನೀರಿಗೆ ಹೊತ್ತು, ಬಾಗಿಲಿಗೆ ಬೀಗ, ಮಾಲೀಕನ ಕಟ್ಟಳೆ. ಅಲ್ಲಿ ಸಾಮಾನ್ಯವಾಗಿ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್. ಸ್ಕ್ರಿಪ್ಟ್ ಒಂದಕ್ಷರವೂ ಬದಲಾಗದೆ ಹೋಗಿರಬಹುದು; ಅದು ಕಾಲಿಟ್ಟ ಮನೆ ಮಾತ್ರ ಪೂರ್ತಿ ಬೇರೆ.

ಸಣ್ಣ ಉದಾಹರಣೆ ನೋಡಿ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಹಾಕಿ, ಒಳಗೆ ಕರೆಯುವಾಗ ಚಿಕ್ಕಕ್ಷರ ಬರೆದಿದ್ದರೆ ವಿಂಡೋಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ ಹೆಸರು. ‘ಅಂಥ ಕಡತವೇ ಇಲ್ಲ’ ಎಂದುಬಿಡುತ್ತದೆ. ಹಳೆಯ ಪಠ್ಯಪುಸ್ತಕ ನೋಡಿ ಬರೆದವರಿಗೆ ಇನ್ನೊಂದು ಪೆಟ್ಟು. ಮೈಎಸ್‌ಕ್ಯೂಎಲ್ ದತ್ತಾಂಶವನ್ನು ತೆರೆಯಲು ಹಿಂದೆ ಬಳಸುತ್ತಿದ್ದ ಆದೇಶಗಳನ್ನು 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7ರಿಂದಲೇ ಕಿತ್ತುಹಾಕಲಾಗಿದೆ. ಪುಸ್ತಕದಲ್ಲಿ ಅವು ಇನ್ನೂ ಅಚ್ಚಾಗಿ ಕೂತಿರುತ್ತವೆ.

ಕಾಯಿ ಅಲ್ಲಾಡಿಸಿ ನೋಡುವುದು

ಹುಡುಗನ ಪಕ್ಕ ಕೂತು, ‘ಎರಡು ದಿನ ಏನೇನು ಮಾಡಿದೆ?’ ಎಂದು ಕೇಳಿದೆ. ಪಟ್ಟಿ ಉದ್ದವಿತ್ತು. ಯಾರೋ ಹೇಳಿದರೆಂದು ಎಲ್ಲ ಕಡತಗಳಿಗೂ 777 ಅನುಮತಿ ಕೊಟ್ಟಿದ್ದ. ಇನ್ಯಾರೋ ಬರೆದದ್ದನ್ನು ನೋಡಿ ಸರ್ವರ್‌ನ ಸೂಚನೆಗಳ ಕಡತಕ್ಕೆ ನಾಲ್ಕು ಸಾಲು ಸೇರಿಸಿದ್ದ. ಲಾಗಿನ್ ಪುಟವನ್ನು ಮೂರು ಸಲ ಹೊಸದಾಗಿ ಬರೆದಿದ್ದ.

ಅಷ್ಟರಲ್ಲಿ ಭಾವನ ತಂದೆ, ಅಂದರೆ ಹುಡುಗನ ತಾತ, ಅಟ್ಟದಿಂದ ಇಳಿಸಿದ ಕಾಯಿಗಳ ಮುಂದೆ ಕೂತಿದ್ದರು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ದೂರದ ಓದುಗರಿಗಾಗಿ ಹೇಳುತ್ತೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿಯನ್ನು ಬಿಸಿಲಿಗೆ ಹಾಕಿ ಮಾಡುವುದಿಲ್ಲ. ಬಲಿತ ಕಾಯನ್ನು ಇಡಿಯಾಗಿ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗಿ ನಿಲ್ಲುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯಲು ಒಡೆಯುವಂತಿಲ್ಲ; ಒಡೆದರೆ ಉಂಡೆ ಹಾಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಡಗಡ ಎಂದರೆ ಆಗಿದೆ. ಕುಲುಕು ಶಬ್ದ ಬಂದರೆ ಇನ್ನೂ ನೀರಿದೆ.

‘ತಾತ ಏನು ಮಾಡ್ತಿದ್ದಾರೆ ನೋಡು’ ಎಂದೆ. ‘ಒಂದಾದರೂ ಕಾಯಿ ಒಡೆದಿದ್ದಾರಾ? ನೀನು ಎರಡು ದಿನದಿಂದ ಒಡೆಯುತ್ತಲೇ ಇದ್ದೀಯ. ಅದು ಏನು ಹೇಳ್ತಿದೆ ಅಂತ ಒಂದು ಸಲವಾದರೂ ಕಿವಿಗೆ ಹಿಡಿದಿದ್ದೀಯಾ?’

ಸರ್ವರ್‌ಗೂ ಒಂದು ಶಬ್ದವಿದೆ. ಅದರ ಹೆಸರು ಎರರ್ ಲಾಗ್, ದೋಷಗಳ ದಿನಚರಿ. ಸ್ಕ್ರಿಪ್ಟ್ ಎಲ್ಲಿ, ಯಾವ ಸಾಲಿನಲ್ಲಿ, ಯಾಕೆ ನಿಂತಿತು ಎಂಬುದನ್ನು ಸರ್ವರ್ ಅದರಲ್ಲಿ ಬರೆದಿಡುತ್ತದೆ. ಪರದೆಯ ಮೇಲೆ ಅದನ್ನು ತೋರಿಸುವುದಿಲ್ಲ. ವಠಾರದ ಅಂಗಳದಲ್ಲಿ ನಿಂತು ಮನೆಯ ಗುಟ್ಟು ಕೂಗಬಾರದಲ್ಲ, ಹಾಗೆ. ದೋಷದ ವಿವರದಲ್ಲಿ ಕಡತಗಳಿರುವ ಜಾಗ, ದತ್ತಾಂಶದ ಹೆಸರು ಎಲ್ಲ ಹೊರಬೀಳುತ್ತವೆ. ಕಳ್ಳನಿಗೆ ಅಷ್ಟು ಸಾಕು. ಅದಕ್ಕೇ ಪರದೆಗೆ ಬರೀ ‘500’, ವಿವರವೆಲ್ಲ ಲಾಗ್‌ಗೆ. ಜಾಗ ಬಾಡಿಗೆಗೆ ಕೊಡುವ ಕಂಪನಿಗಳ ನಿಯಂತ್ರಣ ಪುಟದಲ್ಲಿ ಸಾಮಾನ್ಯವಾಗಿ ಇದಕ್ಕೊಂದು ಗುಂಡಿ ಇರುತ್ತದೆ. ಎರಡು ದಿನ ಹುಡುಗ ಅದನ್ನು ಒತ್ತಿರಲಿಲ್ಲ. ಅದು ಇದೆಯೆಂದೇ ಗೊತ್ತಿರಲಿಲ್ಲ. ಪರೀಕ್ಷೆಗೆ ಅದು ಬರುವುದಿಲ್ಲವಲ್ಲ!

ಕಾಯಿಲೆಗಿಂತ ಮುಂಚೆ ಮದ್ದು ಇಳಿಸಬೇಕು

ಲಾಗ್ ತೆರೆದೆವು. ಓದುವುದು ಕೊನೆಯ ಸಾಲಿನಿಂದ, ಯಾಕೆಂದರೆ ಹೊಸದು ತಳದಲ್ಲಿರುತ್ತದೆ. ಅಲ್ಲಿದ್ದದ್ದು ಮೂಲ ಕಾಯಿಲೆಯ ಸುದ್ದಿಯೇ ಅಲ್ಲ, ಹುಡುಗ ಕೊಟ್ಟ ಮದ್ದಿನ ಸುದ್ದಿ. ಸೂಚನೆಗಳ ಕಡತಕ್ಕೆ ಅವನು ಸೇರಿಸಿದ್ದ ಸಾಲುಗಳು ಆ ಸರ್ವರ್‌ಗೆ ಅರ್ಥವೇ ಆಗುತ್ತಿರಲಿಲ್ಲ. ಪಿಎಚ್‌ಪಿಯನ್ನು ಬೇರೆ ರೀತಿ ಜೋಡಿಸಿದ ಸರ್ವರ್‌ಗಳಿಗೆ ಬರೆದ ಸಾಲುಗಳವು. ಅವನ್ನು ಅಳಿಸಿ ಮತ್ತೆ ನೋಡಿದರೆ ಆಗಲೂ 500. ಈಗ ಲಾಗ್‌ನಲ್ಲಿ ಬೇರೆ ಸಾಲು: ‘ಈ ಕಡತವನ್ನು ಯಾರು ಬೇಕಾದರೂ ತಿದ್ದಬಹುದಾಗಿದೆ, ಆದ್ದರಿಂದ ಓಡಿಸುವುದಿಲ್ಲ.’

ಇದು 777ರ ಪ್ರತಾಪ. ಈ ಮೂರು ಅಂಕಿಗಳ ಅರ್ಥ ಸುಲಭ. ಮೊದಲನೆಯದು ಯಜಮಾನನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದವರಿಗೆಲ್ಲ. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ಓಡಿಸುವ ಹಕ್ಕಿಗೆ 1, ಕೂಡಿದರೆ 7. ಅಂದರೆ 777 ಎಂದರೆ ಮನೆಯ ಬಾಗಿಲು, ಬೀರು, ಹಣದ ಡಬ್ಬಿ ಎಲ್ಲವನ್ನೂ ಬೀದಿಗೆ ತೆರೆದಿಟ್ಟ ಹಾಗೆ. ಅಷ್ಟು ತೆರೆದಿಟ್ಟರೆ ಓಡಲೇಬೇಕು ಎಂದು ಹುಡುಗರ ಲೆಕ್ಕ. ಎಚ್ಚರದ ಮಾಲೀಕನಿರುವ ವಠಾರದಲ್ಲಿ ಫಲ ಉಲ್ಟಾ: ಬಾಗಿಲು ತೆರೆದಿಟ್ಟ ಬಿಡಾರಕ್ಕೆ ಅವನೇ ಬೀಗ ಹಾಕುತ್ತಾನೆ. ಸಾಮಾನ್ಯವಾಗಿ ಪಿಎಚ್‌ಪಿ ಕಡತಗಳಿಗೆ 644, ಕಡತಕೋಶಗಳಿಗೆ 755 ಸಾಕು. ಸಿಜಿಐ ಕ್ರಮದಲ್ಲಿ ಓಡುವ ಪರ್ಲ್, ಪೈಥಾನ್ ಸ್ಕ್ರಿಪ್ಟ್‌ಗಳಿಗೆ ಓಡಿಸುವ ಹಕ್ಕೂ ಬೇಕು, ಅವಕ್ಕೆ 755.

ಅದನ್ನು ಸರಿಪಡಿಸಿದೆವು. ‘500’ ಹೋಗಿ ಮೊದಲಿನ ಬಿಳಿ ಹಾಳೆ ಬಂತು. ಹುಡುಗನ ಮುಖ ಮತ್ತೆ ಬಾಡಿತು. ನನಗೆ ಮಾತ್ರ ಸಂತೋಷವಾಯಿತು. ‘ಈಗ ನಿಜವಾದ ಕಾಯಿಲೆ ಕಾಣಿಸಿತು ನೋಡು’ ಎಂದೆ.

ಮೊದಲ ಸಾಲಿನಲ್ಲಿ ಏನೂ ಇಲ್ಲ

ಲಾಗ್‌ನಲ್ಲಿ ಈಗ ಬಂದ ಸಾಲಿನ ತಾತ್ಪರ್ಯ ಇದು: ‘ಹೆಡರ್ ಕಳಿಸಲಾಗಲಿಲ್ಲ, ಅಷ್ಟರೊಳಗೆ ಪುಟದ ಬರಹ ಹೊರಟುಹೋಗಿದೆ. ಹೊರಟದ್ದು ಇಂಥ ಕಡತದ 1ನೇ ಸಾಲಿನಿಂದ.’

ಹೆಡರ್ ಎಂದರೆ ಲಕೋಟೆಯ ಮೇಲಿನ ವಿಳಾಸವಿದ್ದಂತೆ. ‘ಈ ವ್ಯಕ್ತಿ ಲಾಗಿನ್ ಆಗಿದ್ದಾನೆ, ಇವನನ್ನು ಲೆಕ್ಕದ ಪುಟಕ್ಕೆ ಕಳಿಸಿ’ ಎಂಬ ಸಂದೇಶ ಹೋಗುವುದು ಅದರಲ್ಲೇ. ಕಾಗದ ಡಬ್ಬಕ್ಕೆ ಬಿದ್ದ ಮೇಲೆ ವಿಳಾಸ ಬರೆಯಲು ಆಗುವುದಿಲ್ಲ. ಹಾಗೆಯೇ ಪುಟದ ಒಂದೇ ಒಂದು ಅಕ್ಷರ ಹೊರಟರೂ ಹೆಡರ್‌ನ ಕಾಲ ಮುಗಿಯಿತು. ಆ ಸಂದೇಶ ಹೋಗಲಿಲ್ಲ, ಸ್ಕ್ರಿಪ್ಟ್ ಅಲ್ಲಿಗೇ ಮುಗಿಯಿತು, ಉಳಿದದ್ದು ಬಿಳಿ ಹಾಳೆ.

ಸರಿ, 1ನೇ ಸಾಲಿನಲ್ಲಿ ಏನಿದೆ? ಕಡತ ತೆರೆದೆವು. ಪಿಎಚ್‌ಪಿ ಶುರುವಾಗುವ ಗುರುತು ಬಿಟ್ಟರೆ ಏನೂ ಇಲ್ಲ. ಅದರ ಹಿಂದೆ ಒಂದು ಖಾಲಿ ಜಾಗವೂ ಇಲ್ಲ. ‘ನೋಡಿದ್ರಾ ಮಾವ, ಏನೂ ಇಲ್ಲ. ಸರ್ವರ್‌ಗೇ ತಲೆ ಕೆಟ್ಟಿದೆ’ ಎಂದ ಹುಡುಗ.

ಇಂಥ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ‘ಕೊನೆಯ ಸಲ ಇದು ಅಲ್ಲಿ ಸರಿಯಾಗಿ ಓಡಿದ್ದು ಯಾವಾಗ? ಆಮೇಲೆ ಏನು ಬದಲಾಯಿಸಿದೆ?’

ಅವನು ಸ್ವಲ್ಪ ಯೋಚಿಸಿದ. ಹೋದ ವಾರ ಅರ್ಧ ಪ್ರಾಜೆಕ್ಟ್ ಏರಿಸಿ ನೋಡಿದಾಗ ಓಡಿತ್ತಂತೆ. ಆಗ ಎಲ್ಲ ಇಂಗ್ಲಿಷಿನಲ್ಲಿತ್ತು. ಆಮೇಲೆ ಒಂದು ದಿನ ಕಾಲೇಜಿನ ಲ್ಯಾಬ್‌ನಲ್ಲಿ ಕೂತು, ಅಲ್ಲಿನ ಹಳೆಯ ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಜಾಲತಾಣದ ಹೆಸರನ್ನು ಕನ್ನಡಕ್ಕೆ ಬದಲಾಯಿಸಿದ್ದ. ಉಳಿಸುವಾಗ ‘ಕನ್ನಡ ಅಕ್ಷರಗಳು ಹೋಗುತ್ತವೆ’ ಎಂಬರ್ಥದ ಎಚ್ಚರಿಕೆ ಬಂತು. ಯುಟಿಎಫ್-8 ಎಂದು ಆಯ್ದುಕೊಂಡ.

ಕಳ್ಳ ಸಿಕ್ಕಿದ!

ಕನ್ನಡದ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಒಂದು ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳಿಂದ ಜಾಲತಾಣ ಮಾಡುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಚೂರುಪಾರು ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಯೂನಿಕೋಡ್ ಆ ತೊಂದರೆಯನ್ನು ಕಳೆಯಿತು. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರಲ್ಲಿ ಒಂದು ಸ್ವಂತ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಒಂದು ಕ್ರಮ ಯುಟಿಎಫ್-8.

ಹುಡುಗ ಆಯ್ದುಕೊಂಡದ್ದು ಸರಿಯಾದದ್ದನ್ನೇ. ಆದರೆ ಹಳೆಯ ನೋಟ್‌ಪ್ಯಾಡ್‌ಗೆ ಒಂದು ಚಾಳಿಯಿತ್ತು. ‘ಇದು ಯುಟಿಎಫ್-8 ಕಡತ’ ಎಂದು ತನಗೇ ಗುರುತಾಗಲಿ ಅಂತ ಕಡತದ ತಲೆಯಲ್ಲಿ ಮೂರು ಬೈಟ್ ಸೇರಿಸುತ್ತಿತ್ತು: 239, 187, 191. ಇದಕ್ಕೆ ಬಿಒಎಂ, ಬಾಮ್ ಎನ್ನುತ್ತಾರೆ. ಪರದೆಯಲ್ಲಿ ಅದು ಕಾಣುವುದಿಲ್ಲ. ಬಾಣದ ಗುಂಡಿ ಒತ್ತಿ ಹುಡುಕಿದರೂ ಸಿಗುವುದಿಲ್ಲ. ಪಿಎಚ್‌ಪಿಗೆ ಮಾತ್ರ ಅದು ಪುಟದ ಬರಹವೇ. ತನ್ನ ಗುರುತಿಗಿಂತ ಮುಂಚೆ ಕಂಡದ್ದನ್ನೆಲ್ಲ ಅದು ಹಾಗೆಯೇ ಹೊರಗೆ ಕಳಿಸುತ್ತದೆ. ಮೂರು ಬೈಟ್ ಹೊರಟವು, ಲಕೋಟೆ ಡಬ್ಬಕ್ಕೆ ಬಿತ್ತು.

‘ಹಾಗಾದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಯಾಕೆ ಓಡ್ತಿತ್ತು?’ ಎಂದ ಹುಡುಗ. ಒಳ್ಳೆಯ ಪ್ರಶ್ನೆ. ಎರಡು ದಿನದಲ್ಲಿ ಅವನು ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು. ಅಲ್ಲಿ ಅವನು ಹಾಕಿಕೊಂಡಿದ್ದ ಜೋಡಣೆಯಲ್ಲಿ, ಹೊರಡುವ ಬರಹವನ್ನು 4,096 ಬೈಟ್ ತುಂಬುವವರೆಗೆ ಮೇಜಿನ ಮೇಲೇ ಇಟ್ಟುಕೊಳ್ಳುವ ಏರ್ಪಾಡಿತ್ತು. ಕಾಗದ ಇನ್ನೂ ಮನೆಯಲ್ಲೇ ಇರುವುದರಿಂದ ವಿಳಾಸ ನಿಧಾನವಾಗಿ ಬರೆದರೂ ನಡೆಯುತ್ತಿತ್ತು. ಬಾಡಿಗೆಯ ಸರ್ವರ್‌ನಲ್ಲಿ ಆ ಏರ್ಪಾಡು ಇರಲಿಲ್ಲ. ತಪ್ಪು ಎರಡೂ ಕಡೆ ಇತ್ತು, ಮನೆಯಲ್ಲಿ ಮುಚ್ಚಿಹೋಗಿತ್ತು ಅಷ್ಟೆ.

ಬಾಮ್ ಇಲ್ಲದ ಯುಟಿಎಫ್-8 ಎಂದು ಆಯ್ದು ಕಡತವನ್ನು ಮತ್ತೆ ಉಳಿಸಿದೆವು. ಕಡತದ ಗಾತ್ರ ಸರಿಯಾಗಿ ಮೂರು ಬೈಟ್ ಇಳಿಯಿತು. ಏರಿಸಿದೆವು, ಓಡಿತು. ಹೊಸ ವಿಂಡೋಸ್ ಇರುವವರಿಗೆ ಒಂದು ಸಮಾಧಾನದ ಮಾತು: 2019ರಿಂದೀಚೆಗೆ ನೋಟ್‌ಪ್ಯಾಡ್ ತಾನಾಗಿ ಬಾಮ್ ಇಲ್ಲದೆಯೇ ಉಳಿಸುತ್ತದೆ. ಲ್ಯಾಬ್‌ಗಳಲ್ಲಿ ಹಳೆಯ ಯಂತ್ರಗಳು ಇರುವವರೆಗೆ ಮಾತ್ರ ಈ ಕಳ್ಳ ಇದ್ದೇ ಇರುತ್ತಾನೆ.

ಟೈಪ್‌ರೈಟರಿನ ಪಳೆಯುಳಿಕೆ

ಕಾಣದ ಅಕ್ಷರಗಳಲ್ಲಿ ಇನ್ನೊಂದಿದೆ. ಅದನ್ನು ಮಕ್ಕಳಿಗಿಂತ ಟೈಪಿಂಗ್ ಕಲಿತ ಹಿರಿಯರು ಬೇಗ ಹಿಡಿಯುತ್ತಾರೆ. ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ಗಂಟೆ ಹೊಡೆಯುತ್ತಿತ್ತು, ನಾವು ಸನ್ನೆ ಹಿಡಿದು ತಳ್ಳುತ್ತಿದ್ದೆವು. ಆ ಒಂದು ತಳ್ಳುವಿಕೆಯಲ್ಲಿ ಎರಡು ಕೆಲಸ: ಗಾಡಿ ಮೊದಲಿನ ಜಾಗಕ್ಕೆ ಬರುವುದು, ಕಾಗದ ಒಂದು ಸಾಲು ಮೇಲೇರುವುದು. ಟೆಲಿಪ್ರಿಂಟರಿನಲ್ಲಿ ಇವಕ್ಕೆ ಎರಡು ಬೇರೆ ಸಂಕೇತಗಳಿದ್ದವು, 13 ಮತ್ತು 10. ವಿಂಡೋಸ್ ಇಂದಿಗೂ ಸಾಲಿನ ಕೊನೆಗೆ ಎರಡನ್ನೂ ಬರೆಯುತ್ತದೆ. ಲಿನಕ್ಸ್ 10 ಒಂದನ್ನೇ ಬರೆಯುತ್ತದೆ.

ಪಿಎಚ್‌ಪಿಗೆ ಇದರಿಂದ ತೊಂದರೆಯಿಲ್ಲ. ಪರ್ಲ್, ಪೈಥಾನ್ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಮಾತ್ರ ‘ನನ್ನನ್ನು ಓದಿ ಓಡಿಸುವವನು ಇಂಥ ಜಾಗದಲ್ಲಿದ್ದಾನೆ’ ಎಂದು ವಿಳಾಸ ಇರುತ್ತದೆ. ವಿಂಡೋಸ್‌ನಲ್ಲಿ ಬರೆದು ಏರಿಸಿದರೆ ಆ ವಿಳಾಸದ ಬಾಲಕ್ಕೆ ಕಾಣದ 13 ಅಂಟಿಕೊಂಡಿರುತ್ತದೆ. ಲಿನಕ್ಸ್ ಅದನ್ನೂ ಹೆಸರಿನ ಭಾಗವೆಂದು ತಿಳಿದು ಹುಡುಕಿ, ‘ಆ ಹೆಸರಿನವರು ಇಲ್ಲಿ ಯಾರೂ ಇಲ್ಲ’ ಎನ್ನುತ್ತದೆ. ಆಗಲೂ ಪರದೆಯಲ್ಲಿ ‘500’. ಸಾಲಿನ ಕೊನೆಯನ್ನು ಲಿನಕ್ಸ್ ಬಗೆಯಲ್ಲಿ ಉಳಿಸುವ ಸಂಪಾದಕ ತಂತ್ರಾಂಶ ಬಳಸಿದರೆ ತೊಂದರೆ ತೀರಿತು.

ಗುಬ್ಬಿ ಒಳಗೆ, ತಿಪಟೂರು ಹೊರಗೆ

ಮಧ್ಯಾಹ್ನ ಊಟ ಮುಗಿಸಿ ನಾನು ಒಂದು ಸಣ್ಣ ನಿದ್ದೆ ತೆಗೆದೆ. ಎದ್ದಾಗ ಹುಡುಗ ಮತ್ತೆ ಲ್ಯಾಪ್‌ಟಾಪ್ ಮುಂದೆ. ಹೊಸ ಸಮಸ್ಯೆ ಎದ್ದಿತ್ತು. ಊರಿನ ಹೆಸರಿನ ಜಾಗದಲ್ಲಿ ಗುಬ್ಬಿ ಎಂದು ಹಾಕಿದರೆ ಒಪ್ಪುತ್ತದೆ, ತಿಪಟೂರು ಎಂದರೆ ‘ಹೆಸರು 20 ಅಕ್ಷರ ಮೀರಬಾರದು’ ಎಂದು ತಳ್ಳುತ್ತದೆ! ತಿಪಟೂರು ನಾಲ್ಕಕ್ಷರವಲ್ಲವೇ? ಅಲ್ಲಿಯವರೆಗೆ ಅವನು ಊರ ಹೆಸರನ್ನು ಇಂಗ್ಲಿಷಿನಲ್ಲೇ ಹಾಕಿ ಪರೀಕ್ಷಿಸಿದ್ದ.

ಈ ಸಲ ನಾನು ಬಾಯಿ ಬಿಡಲಿಲ್ಲ. ಅವನು ಒಂದು ಚಿಕ್ಕ ಸ್ಕ್ರಿಪ್ಟ್ ಬರೆದ. ಅದರ ಕೆಲಸ ಒಂದೇ: ಕೊಟ್ಟ ಪದದ ಉದ್ದ ಹೇಳುವುದು. ಗುಬ್ಬಿಗೆ 18, ತಿಪಟೂರಿಗೆ 21, ತುರುವೇಕೆರೆಗೆ 30, ಚಿಕ್ಕನಾಯಕನಹಳ್ಳಿಗೆ 45 ಎಂದು ಬಂತು. ಎಲ್ಲವೂ ಮೂರರಿಂದ ಭಾಗವಾಗುತ್ತವೆ ಎಂಬುದನ್ನು ಅವನೇ ಗಮನಿಸಿದ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ನಮ್ಮ ಕಣ್ಣಿಗೆ ನಾಲ್ಕಕ್ಷರವಾದ ತಿಪಟೂರು ಕಂಪ್ಯೂಟರಿಗೆ ಏಳು ಸಂಕೇತ: ತಕಾರ, ಅದರ ಗುಡಿಸು, ಪಕಾರ, ಟಕಾರ, ಅದರ ದೀರ್ಘ, ರಕಾರ, ಅದರ ಕೊಂಬು. ಏಳು ಮೂರಲೆ ಇಪ್ಪತ್ತೊಂದು. ಅವನು ಬಳಸಿದ್ದ ಆದೇಶ ಎಣಿಸುತ್ತಿದ್ದದ್ದು ಬೈಟ್‌ಗಳನ್ನು.

ಸಂಕೇತಗಳನ್ನು ಎಣಿಸುವ ಬೇರೆ ಆದೇಶ ಪಿಎಚ್‌ಪಿಯಲ್ಲಿದೆ. ಎಂಬಿಸ್ಟ್ರಿಂಗ್ ಎಂಬ ಸೇರ್ಪಡೆಯಲ್ಲಿ ಅದು ಸಿಗುತ್ತದೆ. ಹುಡುಕಿ ಹಾಕಿದ. ಲ್ಯಾಪ್‌ಟಾಪ್‌ನಲ್ಲಿ ಸರಿಹೋಯಿತು, ಸರ್ವರ್‌ನಲ್ಲಿ ಮತ್ತೆ ಬಿಳಿ ಹಾಳೆ! ಹಿಂದಿನ ದಿನವಾಗಿದ್ದರೆ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿದ್ದ. ಈಗ ನೇರವಾಗಿ ಲಾಗ್ ತೆರೆದು, ಕೊನೆಯ ಸಾಲು ಜೋರಾಗಿ ಓದಿದ: ‘ಈ ಹೆಸರಿನ ಆದೇಶ ಇಲ್ಲಿ ಇಲ್ಲ.’ ಒಂದು ನಿಮಿಷ ಸುಮ್ಮನಿದ್ದು, ‘ಸೇರ್ಪಡೆ ಅಲ್ಲಿ ಹಾಕಿಲ್ಲ ಅನ್ಸುತ್ತೆ ಮಾವ’ ಎಂದ. ನಿಯಂತ್ರಣ ಪುಟದಲ್ಲಿ ಅದನ್ನು ಹುಡುಕಿ ಗುರುತು ಹಾಕಿದ. ತಿಪಟೂರು ಒಳಗೆ ಬಂತು, ಹಿಂದೆಯೇ ಚಿಕ್ಕನಾಯಕನಹಳ್ಳಿಯೂ ಬಂತು.

ನಾನು ಒಂದು ಗುಂಡಿಯನ್ನೂ ಮುಟ್ಟಿರಲಿಲ್ಲ.

ಹೆತ್ತವರಿಗೆ ಒಂದು ಮಾತು

ಆ ಹುಡುಗನನ್ನು ಎರಡು ದಿನ ಕೂರಿಸಿದ್ದು ಕಣ್ಣಿಗೆ ಕಾಣದ ಮೂರು ಬೈಟ್. ಅವನ ಬುದ್ಧಿಗೆ ಏನೂ ಕೊರತೆಯಿರಲಿಲ್ಲ, ಸೋಮಾರಿಯೂ ಅಲ್ಲ. ಆದರೂ ಅವನು ಬಂದು ನಿಂತದ್ದು ‘ನನ್ನ ಕೈಲಿ ಆಗಲ್ಲ’ ಎಂಬಲ್ಲಿ. ಕಂಪ್ಯೂಟರ್ ‘ತಪ್ಪು’ ಎಂದಾಗ ಮಕ್ಕಳಿಗೆ ಅದು ‘ನೀನು ತಪ್ಪು’ ಎಂದು ಕೇಳಿಸುತ್ತದೆ. ಅದರ ಮೇಲೆ ನಮ್ಮದೂ ಒಂದು ಮಾತು ಬಿದ್ದರೆ ಮುಗಿಯಿತು.

ಒಂದೇ ತಪ್ಪಿನ ಮುಂದೆ ಎರಡು ದಿನ ಕೂರುವುದು ಕಾಲಹರಣವಲ್ಲ, ಈ ಕಸುಬಿನ ದೊಡ್ಡ ಪಾಲು ಅದೇ. ಹತ್ತಾರು ವರ್ಷ ದುಡಿದವರೂ ಹೀಗೆ ಕೂರುತ್ತಾರೆ. ಕೂತು ಏನು ಮಾಡುತ್ತಿದ್ದಾನೆ ಎಂಬುದು ಮುಖ್ಯ. ಸಿಕ್ಕಿದ್ದನ್ನೆಲ್ಲ ಬದಲಾಯಿಸುತ್ತಿದ್ದಾನೋ, ಕಿವಿಗೊಟ್ಟು ಕೇಳುತ್ತಿದ್ದಾನೋ? ಇದನ್ನು ತಿಳಿಯಲು ನಿಮಗೆ ಕಂಪ್ಯೂಟರ್ ಬರಬೇಕಿಲ್ಲ. ಎರಡೇ ಪ್ರಶ್ನೆ ಕೇಳಿ: ‘ಕೊನೆಗೆ ಯಾವಾಗ ಸರಿಯಾಗಿತ್ತು? ಆಮೇಲೆ ಏನು ಬದಲಾಯಿಸಿದೆ?’ ಉತ್ತರ ಹೇಳುವಾಗ ಅರ್ಧ ತೊಂದರೆ ಮಕ್ಕಳಿಗೇ ಕಾಣಿಸುತ್ತದೆ. ಅದರ ಜೊತೆಗೆ ಒಂದು ಲೋಟ ಕಾಫಿ ಕೊಟ್ಟರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿಗಳು ಕತ್ತರಿಸಿ ಇಟ್ಟುಕೊಳ್ಳಲು ಇಷ್ಟು:

1. ಮೊದಲು ಎರರ್ ಲಾಗ್ ಓದಿ, ಕೊನೆಯ ಸಾಲಿನಿಂದ. ಅದು ಎಲ್ಲಿದೆ ಎಂಬುದನ್ನು ತೊಂದರೆ ಬರುವ ಮುಂಚೆಯೇ ತಿಳಿದಿಟ್ಟುಕೊಳ್ಳಿ.

2. ‘ನಮಸ್ಕಾರ’ ಎಂದಷ್ಟೇ ಮುದ್ರಿಸುವ ಒಂದು ಸಾಲಿನ ಸ್ಕ್ರಿಪ್ಟ್ ಏರಿಸಿ. ಅದೂ ಓಡದಿದ್ದರೆ ದೋಷ ಜೋಡಣೆಯಲ್ಲಿದೆ; ಓಡಿದರೆ ನಿಮ್ಮ ಸ್ಕ್ರಿಪ್ಟ್‌ನಲ್ಲಿದೆ.

3. ಒಂದು ಸಲಕ್ಕೆ ಒಂದೇ ಬದಲಾವಣೆ. ಫಲ ಕಾಣದಿದ್ದರೆ ಅದನ್ನು ಹಿಂದೆ ತೆಗೆದು, ಆಮೇಲೆ ಮುಂದಿನದು.

4. 777 ಬೇಡ. ಕಡತಕ್ಕೆ 644, ಕಡತಕೋಶಕ್ಕೆ 755.

5. ಹೆಸರುಗಳಲ್ಲಿ ಚಿಕ್ಕಕ್ಷರವನ್ನೇ ಬಳಸಿ. ಕನ್ನಡವಿರುವ ಕಡತವನ್ನು ಬಾಮ್ ಇಲ್ಲದ ಯುಟಿಎಫ್-8ರಲ್ಲಿ ಉಳಿಸಿ.

6. ಸರ್ವರ್‌ನಲ್ಲಿರುವ ಪಿಎಚ್‌ಪಿ ಆವೃತ್ತಿ ಯಾವುದು, ಸೇರ್ಪಡೆಗಳು ಯಾವುವು ಎಂದು ನೋಡಿ, ಮನೆಯಲ್ಲೂ ಅದನ್ನೇ ಇಟ್ಟುಕೊಳ್ಳಿ.

7. ಒಪ್ಪಿಸುವ ಹಿಂದಿನ ದಿನ ಏರಿಸಬೇಡಿ. ಮೊದಲ ವಾರವೇ ಏರಿಸಿ, ಅಲ್ಲೇ ಬೆಳೆಸಿ.

ಸಂಜೆ ನಾನು ಹೊರಡುವ ಹೊತ್ತಿಗೆ ಹುಡುಗ ತನ್ನ ಜಾಲತಾಣವನ್ನು ಫೋನಿನಲ್ಲಿ ತೆರೆದು ತಾತನಿಗೆ ತೋರಿಸುತ್ತಿದ್ದ. ಭಾವನೂ ಕನ್ನಡಕ ಹಾಕಿಕೊಂಡು ಹಿಂದೆ ನಿಂತಿದ್ದರು. ತಾತ ಪೂರ್ತಿ ನೋಡಿದರು. ಹೋದ ವರ್ಷ ಕೊಟ್ಟ ಕೊಬ್ಬರಿಯ ಲೆಕ್ಕ ತಾಳೆಯಾಗುತ್ತದೆಯೇ ಎಂದು ಬೆರಳು ಮಡಿಸಿ ಎಣಿಸಿದರು. ತಾಳೆಯಾಯಿತು. ಆಮೇಲೆ ಕೇಳಿದರು:

‘ಎಲ್ಲ ಸರಿ ಕಣ್ಲಾ ಮಗಾ. ರೇಟು ಮ್ಯಾಕ್ಕೆ ಹೋಗೋ ಹಂಗೆ ಇದರಾಗೆ ಏನಾದ್ರೂ ಮಾಡೋಕಾಯ್ತದಾ?’

ಹುಡುಗ ನನ್ನ ಮುಖ ನೋಡಿದ. ಅದರ ಲಾಗ್ ಎಲ್ಲಿದೆಯೋ ನನಗೂ ತಿಳಿಯದು.